ಹೊಡೆಯೊಳಗಿನ ಗಂಡು

ಪಾಂಡವಪುರದ ನಾಲೆ ಬಯಲಿನಲ್ಲಿ ನೀರಿನ ಜಗಳಕ್ಕೂ ಒಂದು ಪಂಚಾಂಗವಿದೆ. ಒಟ್ಲು ಬಿಡುವಾಗ ಜಗಳ ಕಡಿಮೆ, ನಾಟಿಯಲ್ಲಿ ಒಂದಿಷ್ಟು, ಕಳೆ ಕೀಳುವಾಗ ಇಲ್ಲವೇ ಇಲ್ಲ. ಭತ್ತ ಹೊಡೆ ಕಟ್ಟಿತೆಂದರೆ ಮಾತ್ರ ರಾತ್ರಿಯೆಲ್ಲ ಬದುವಿನ ಮೇಲೆ ಬ್ಯಾಟರಿ ಬೆಳಕು ಓಡಾಡುತ್ತದೆ, ತೂಬಿನ ಬಾಯಲ್ಲಿ ಗುದ್ದಲಿ ಸದ್ದಾಗುತ್ತದೆ, ಬೆಳಗಾದರೆ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನಾನು ಮದುವೆಯಾಗಿ ಬಂದ ಊರು ಉಪನಾಲೆಯ ಕೊನೆಯಂಚಿನದು. ನಮ್ಮತ್ತೆ ಗದ್ದೆಗಿಳಿದು ಪೈರಿನ ಒಂದು ತೆಂಡೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ ಹೇಳುತ್ತಿದ್ದರು: "ಹೊಡೆ ಕಟ್ತಾ ಅದೆ ಕಣವ್ವ. ಈಗ ನೀರ್ ತಪ್ಪುದ್ರೆ ಜೊಳ್ಳ್ ತೂರ್ಕಂಡ್ ಕೂರ್ಬೇಕಾಯ್ತದೆ."

ನಿವೃತ್ತಿಯಾಗುವವರೆಗೂ ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡಿದವಳು. ಮಿಯಾಸಿಸ್ ಎಂಬ ಅಧ್ಯಾಯವನ್ನು ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಬರೆದು ಕೈ ಸವೆಸಿದ್ದೇನೆ. ಆದರೂ ನಮ್ಮತ್ತೆಯ ಹೆಬ್ಬೆರಳ ಕೆಳಗೆ ನಡೆಯುತ್ತಿದ್ದುದು ಅದೇ ಅಧ್ಯಾಯ ಎಂಬುದನ್ನು ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ. ನಮ್ಮ ಪಠ್ಯಗಳು ಈರುಳ್ಳಿ ಹೂವು, ಮಿಡತೆಯ ವೃಷಣ ಎಂದು ಎಲ್ಲೆಲ್ಲಿಂದಲೋ ಉದಾಹರಣೆ ತರುತ್ತವೆ, ಕಿಟಕಿಯಾಚೆಯ ಗದ್ದೆಯನ್ನು ನೋಡುವುದಿಲ್ಲ.

ಹೊಡೆ ಎಂದರೆ ಕೊನೆಯ ಎಲೆಯ ಕವಚದೊಳಗೆ ಇನ್ನೂ ಹೊರಬಾರದ ತೆನೆ. ಅದರಲ್ಲಿ ಪ್ರತಿಯೊಂದು ಕಾಳಿನ ಜಾಗದಲ್ಲೂ ಒಂದು ಪುಟ್ಟ ಹೂವು, ಹೂವಿಗೆ ಆರು ಕೇಸರ. ಕೇಸರದ ತುದಿಯ ಪರಾಗಕೋಶದಲ್ಲಿ ಪರಾಗದ ತಾಯಿಕೋಶಗಳು ಸಾಲುಗಟ್ಟಿ ಕೂತಿರುತ್ತವೆ. ಭತ್ತದ ಮೈಯ ಜೀವಕೋಶದಲ್ಲಿ 24 ಕ್ರೋಮೋಸೋಮು, ಅಂದರೆ ಅಪ್ಪನ ಕಡೆಯಿಂದ 12, ಅವ್ವನ ಕಡೆಯಿಂದ 12. ಪರಾಗದೊಳಗೆ ಹೋಗಬೇಕಾದುದು 12 ಮಾತ್ರ. ಈ ಅರ್ಧ ಮಾಡುವ ಕೆಲಸವೇ ಮಿಯಾಸಿಸ್, ಅದು ನಮ್ಮ ಕಡೆ ಅಣ್ಣತಮ್ಮಂದಿರು ಹಿಸ್ಸೆಯಾಗುವ ಹಾಗೆ: ಮೊದಲು ಸಮಾನವಾದ ಎರಡು ತುಂಡುಗಳನ್ನು ಪಕ್ಕಪಕ್ಕ ಇಟ್ಟು ಅಳೆಯಬೇಕು, ಅಲ್ಲಲ್ಲಿ ಕತ್ತರಿಸಿ ಅದಲುಬದಲು ಮಾಡಿಕೊಳ್ಳಬೇಕು, ಆಮೇಲಷ್ಟೇ ಬೇರೆಯಾಗಬೇಕು. ಜೋಡಿ ಹಿಡಿಯದೆ ಬೇರೆಯಾದರೆ ಒಬ್ಬನಿಗೆ ಎರಡು ಪಾಲು, ಇನ್ನೊಬ್ಬನಿಗೆ ಸೊನ್ನೆ. ಅಂಥ ಪರಾಗ ಸಾಯುತ್ತದೆ.

ಇಷ್ಟೆಲ್ಲ ನಡೆಯುವುದು ತೆನೆ ಹೊರಬರಲು ಹತ್ತು ಹನ್ನೆರಡು ದಿನ ಇರುವಾಗ. ತಾಯಿಕೋಶಗಳ ಸುತ್ತ ಟಪೀಟಮ್ ಎಂಬ ಒಂದು ಪದರವಿದೆ, ಅದೇ ಅವುಗಳಿಗೆ ಊಟ ಹಾಕುವ ದಾದಿ. ಈ ಹೊತ್ತಿನಲ್ಲಿ ಗಿಡ ಬಾಯಾರಿದರೆ ಪರಾಗಕೋಶಕ್ಕೆ ಹೋಗುವ ಸಕ್ಕರೆಯನ್ನು ಒಡೆದು ಬಳಸುವ ಕಿಣ್ವಗಳು ಕುಗ್ಗುತ್ತವೆ, ಮುಂದೆ ಪರಾಗದಲ್ಲಿ ಪಿಷ್ಟ ಕೂಡುವುದಿಲ್ಲ. ಆಮೇಲೆ ಎಷ್ಟು ನೀರು ಕಟ್ಟಿದರೂ ಕಾಳು ಬಾರದು. ವಿಚಿತ್ರವೆಂದರೆ ಅದೇ ಹೂವಿನ ಹೆಣ್ಣು ಭಾಗಕ್ಕೆ ಹೆಚ್ಚಿನ ಏಟು ಬಿದ್ದಿರುವುದಿಲ್ಲ. ಬೇರೆ ಗಿಡದ ಒಳ್ಳೆಯ ಪರಾಗ ತಂದು ಹಾಕಿದರೆ ಕಾಳು ಕಟ್ಟುತ್ತದೆ. ಕೆಡುವುದು ಗಂಡು. ಕ್ಲಾಸಿನಲ್ಲಿ ಈ ಮಾತು ಬಂದಾಗೆಲ್ಲ ಹಿಂದಿನ ಬೆಂಚಿನ ಹುಡುಗಿಯರು ನಗುತ್ತಿದ್ದರು, ನಾನು ತಡೆಯಲಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ: ಈ ನಾಲ್ಕು ತಾಲ್ಲೂಕುಗಳ ಬೇಸಾಯದ ಚರಿತ್ರೆ ಬರೆದವರು ಅಣೆಕಟ್ಟು, ನಾಲೆ, ಸಕ್ಕರೆ ಕಾರ್ಖಾನೆಗಳ ಲೆಕ್ಕ ಕೊಡುತ್ತಾರೆ. ಆ ಲೆಕ್ಕ ಸುಳ್ಳಲ್ಲ. ಆದರೆ ಅದರ ಒಳಗೊಂದು ಚಿಕ್ಕ ಚರಿತ್ರೆಯಿದೆ: ಹೂವಿನ ಗಂಡು ಭಾಗವನ್ನು ಕಾಯುವುದು, ಕೊಲ್ಲುವುದು, ಬೇಕಾದಾಗ ಬದುಕಿಸುವುದು. ನಾನು ಹೇಳಬೇಕೆಂದಿರುವುದು ಅದನ್ನು.

ಕಾಯುವುದರಿಂದ ಶುರು ಮಾಡೋಣ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣಕ್ಕೆ ಬಂದು ಸುತ್ತಲ ಗದ್ದೆಗಳ ಬೇಸಾಯವನ್ನು ಕೂಲಂಕಷವಾಗಿ ಬರೆದುಕೊಂಡ. ಬರ ಭತ್ತ, ಮೊಳೆ ಭತ್ತ, ನಾಟಿ ಎಂದು ಮೂರು ಬಗೆಯ ಬಿತ್ತನೆ. ದೊಡ್ಡಭತ್ತ, ಸಣ್ಣಭತ್ತ, ಅರಿಶಿನ ಕೆಂಬತ್ತಿ ಎಂದೆಲ್ಲ ತಳಿಗಳು. ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟೆ ಹಾಕಿ ತೆಗೆದ ವಿರಿಜಾ, ಬಂಗಾರದೊಡ್ಡಿ, ಚಿಕ್ಕದೇವರಾಜಸಾಗರ ನಾಲೆಗಳ ಗದ್ದೆಗಳಿಗೆ ನದಿಯಲ್ಲಿ ನೀರಿರುವ ತನಕ ಹೊಡೆ ಹೊತ್ತಿನ ಭಯವಿರಲಿಲ್ಲ. ಪಾಂಡವಪುರದ ಕಥೆ ಹಾಗಲ್ಲ. ಆಗ ಅದು ಹಿರೋಡೆ, ಟಿಪ್ಪುವಿನ ಫ್ರೆಂಚ್ ಪಡೆ ಬಿಡಾರ ಹೂಡಿದ್ದರಿಂದ ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್. ತೊಣ್ಣೂರು ಕೆರೆಯಂಥ ದೊಡ್ಡ ಕೆರೆಯ ಕೆಳಗಿನವರನ್ನು ಬಿಟ್ಟರೆ ಉಳಿದವರೆಲ್ಲ ಆಕಾಶ ನೋಡಬೇಕು. ಕೆರೆ ಅಚ್ಚುಕಟ್ಟಿನಲ್ಲಿ ನೀರುಗಂಟಿ ಇರುತ್ತಿದ್ದ. ಅನುಭವಸ್ಥ ನೀರುಗಂಟಿ ಯಾವ ಗದ್ದೆ ಹೊಡೆಗೆ ಬಂದಿದೆ ಎಂದು ನೋಡಿ ತೂಬು ತಿರುಗಿಸುತ್ತಿದ್ದ. ಗೌಡರ ಗದ್ದೆ ನೋಡಿ ತಿರುಗಿಸಿದವರೂ ಇದ್ದರೆನ್ನಿ.

1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ 1930ರ ದಶಕದ ಆರಂಭಕ್ಕೆ ಮುಗಿದು, ಹುಲಿಕೆರೆಯ ಬಳಿ ಗುಡ್ಡದೊಳಗೆ ಸುರಂಗ ಕೊರೆದು ಇರ್ವಿನ್ ನಾಲೆ ಹರಿದಾಗ ಪಾಂಡವಪುರ, ಮಂಡ್ಯದ ಎಷ್ಟೋ ಬೆದ್ದಲುಗಳು ಗದ್ದೆಯಾದವು. ಆಮೇಲೆ ಅದಕ್ಕೆ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಾಯಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಈಗಲೂ ಕಟ್ಟು ಪದ್ಧತಿಯಲ್ಲಿ ನೀರು: ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ನಿಲ್ಲಿಸಿದ ಕಟ್ಟು ಹೊಡೆ ಹೊತ್ತಿಗೆ ಬಿದ್ದರೆ ಆ ಬಯಲೆಲ್ಲ ಜೊಳ್ಳು. 2016ರಲ್ಲಿ, 2023ರಲ್ಲಿ ಕಾವೇರಿ ಗಲಾಟೆಯಾದಾಗ ಟಿ.ವಿ.ಯವರು ಟಿಎಂಸಿ, ಕ್ಯುಸೆಕ್ ಎಂದು ಅಬ್ಬರಿಸಿದರು. ಯಾವ ವಾರದ ನೀರು ಎಂಬುದನ್ನು ಕೇಳಿದವರು ಕಡಿಮೆ. ಭತ್ತದ ಮಟ್ಟಿಗೆ ಎಷ್ಟು ಎನ್ನುವುದಕ್ಕಿಂತ ಯಾವಾಗ ಎನ್ನುವುದೇ ದೊಡ್ಡದು.

ನಾಲೆಯ ಜೊತೆಗೇ ಮಂಡ್ಯದ ಪಕ್ಕದಲ್ಲಿ ಒಂದು ಸರ್ಕಾರಿ ಫಾರಂ ಬಂತು. ಜನರ ಬಾಯಲ್ಲಿ ಅದು ವಿ.ಸಿ. ಫಾರಂ. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಶುರುವಾದ ಮೇಲೆ ಅದರ ವಲಯ ಸಂಶೋಧನಾ ಕೇಂದ್ರವಾಯಿತು. ಹೂವಿನ ಗಂಡು ಭಾಗವನ್ನು ಕೊಲ್ಲುವ ವಿದ್ಯೆ ನಮ್ಮ ಸೀಮೆಗೆ ಬಂದದ್ದು ಅಲ್ಲಿಂದ.

ಅದರ ನೆನಪು ನನಗೆ ನನ್ನ ತವರಾದ ಕೆ.ಆರ್. ಪೇಟೆಯ ಕಡೆಯದು. ಹೇಮಾವತಿ ನಾಲೆಯ ಅಂಚು ಬಿಟ್ಟರೆ ನಮ್ಮ ಕಡೆಯದು, ನಾಗಮಂಗಲದ ಕಡೆಯದು ಎಲ್ಲ ಕೆಂಪು ಹೊಲ, ರಾಗಿ ಹೊಲ. ನಾನು ಚಿಕ್ಕವಳಿದ್ದಾಗ, 1970ರ ದಶಕದಲ್ಲಿ, ಇಂಡಾಫ್ ಎಂಬ ಮಾತು ಊರಿಗೆ ಬಂತು. ಅಪ್ಪ ಮೊದಲ ಸಲ ಅದರ ತೆನೆ ಕೊಯ್ದು ತಂದು ಅವ್ವನ ಮುಂದೆ ಹಿಡಿದು, "ನೋಡಮ್ಮಿ, ಮುಷ್ಟಿ ಗಾತ್ರ ಅವೆ" ಎಂದಿದ್ದು ನೆನಪಿದೆ. ಇಂಡಾಫ್ ಎಂದರೆ ಇಂಡಿಯಾ ಮತ್ತು ಆಫ್ರಿಕಾ. ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಆ ಸಾಲನ್ನು ವಿ.ಸಿ. ಫಾರಂನಲ್ಲಿ ಮಾಡಿದವರು ಸಿ.ಎಚ್. ಲಕ್ಷ್ಮಣಯ್ಯ, ಜನ ಕರೆದದ್ದು ರಾಗಿ ಲಕ್ಷ್ಮಣಯ್ಯ. ಅದಕ್ಕೂ ಮೊದಲು ಅವರು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಕೊಟ್ಟಿದ್ದರು.

ರಾಗಿಯಲ್ಲಿ ಮಿಶ್ರತಳಿ ಮಾಡುವುದು ಎಂಥ ಕಷ್ಟ ಎಂದು ತಿಳಿಯಬೇಕಾದರೆ ಒಂದು ರಾಗಿ ಹೂವನ್ನು ಭೂತಗನ್ನಡಿಯಲ್ಲಿ ನೋಡಬೇಕು. ಮೂರೇ ಕೇಸರ, ಅವೂ ದಾರದ ಎಳೆಗಿಂತ ಸಣ್ಣ. ಹೂವು ಅರಳುವುದು ನಡುರಾತ್ರಿ ಕಳೆದು ಕೋಳಿ ಕೂಗುವುದರೊಳಗೆ. ಅರಳಿದ ಕ್ಷಣದಲ್ಲೇ ತನ್ನ ಪರಾಗವನ್ನು ತನ್ನ ಮೇಲೇ ಉದುರಿಸಿಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಹೊರಗಿನ ಗಂಡಿಗೆ ಅಲ್ಲಿ ಅವಕಾಶವೇ ಇಲ್ಲ. ಇಕ್ಕಳದಲ್ಲಿ ಒಂದೊಂದೇ ಕೇಸರ ಕೀಳಲು ಹೋದರೆ ಹೂವೇ ಹರಿಯುತ್ತದೆ. ಅದಕ್ಕೆ ತಳಿಗಾರರು ಎರಡು ಉಪಾಯ ಹಿಡಿದರು. ಒಂದು, ಎರಡು ಗಿಡಗಳ ತೆನೆಗಳನ್ನು ಒಟ್ಟಿಗೆ ಕಟ್ಟಿ ಬಿಡುವುದು. ಸಾವಿರ ಕಾಳಿನಲ್ಲಿ ಎಲ್ಲೋ ಒಂದೆರಡು ಅಡ್ಡಹುಟ್ಟಾಗುತ್ತವೆ. ಗಂಡು ಗಿಡದ ಗಿಣ್ಣಿನಲ್ಲಿ ನೇರಳೆ ಬಣ್ಣವಿದ್ದರೆ ಮುಂದಿನ ಪೈರಿನಲ್ಲಿ ಆ ಬಣ್ಣ ಕಂಡ ಸಸಿಯೇ ಅಡ್ಡಹುಟ್ಟು ಎಂದು ಗುರುತು. ಇನ್ನೊಂದು, ತೆನೆಯನ್ನು ಬಿಸಿನೀರಿನಲ್ಲಿ ಅದ್ದುವುದು. ಸುಮಾರು 52 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದೆರಡು ನಿಮಿಷ. ಅಷ್ಟಕ್ಕೆ ಪರಾಗ ಸಾಯುತ್ತದೆ, ಅಂಡಾಶಯ ಉಳಿಯುತ್ತದೆ. ಇಲ್ಲೂ ಅದೇ: ಗಂಡು ಸೂಕ್ಷ್ಮ, ಹೆಣ್ಣು ಗಟ್ಟಿ.

ಆಫ್ರಿಕಾದ ರಾಗಿಯೂ ನಮ್ಮದೂ ಸೇರಿ ಹುಟ್ಟಿದ ಗಿಡ ಬಂಜೆಯಾಗಲಿಲ್ಲವಲ್ಲ, ಅದಕ್ಕೆ ಕಾರಣ ಎರಡರಲ್ಲೂ ಕ್ರೋಮೋಸೋಮು 36 ಇರುವುದು, ಎರಡಕ್ಕೂ ಮೂಲ ಒಂದೇ ಇರುವುದು. ರಾಗಿ ಎರಡು ಹುಲ್ಲುಗಳ ಜೀನ್‌ಕಂತೆ ಕೂಡಿ ಹುಟ್ಟಿದ ಪೈರು. ಆದರೂ ಮಿಯಾಸಿಸ್‌ನಲ್ಲಿ ಗೊಂದಲವಿಲ್ಲ. ಕ್ರೋಮೋಸೋಮುಗಳು ತಮ್ಮ ತಮ್ಮ ಕಂತೆಯ ಜೊತೆಗಾರನನ್ನೇ ಹುಡುಕಿ 18 ಜೋಡಿಯಾಗಿ ನಿಲ್ಲುತ್ತವೆ. ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಎಂಎಲ್ 365 ತಳಿಯ ಇಡೀ ಜೀನೋಮನ್ನು 2017ರಲ್ಲಿ ಓದಿ ಪ್ರಕಟಿಸಿದರು. ಇಂಡಾಫ್‌ಗಳ ಕಾಲ ಮಾತ್ರ ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು. ಬೆಂಕಿರೋಗ ತೆನೆಯ ಕುತ್ತಿಗೆಗೇ ಬಂದು ಕೂರುತ್ತಿದ್ದುದರಿಂದ ರೋಗ ತಡೆಯುವ ಜಿಪಿಯು 28 ಎಂಬ ತಳಿ ಹೊಲಗಳನ್ನು ಹಿಡಿಯಿತು. ಒಳ್ಳೆಯದೇ. ಆದರೆ ನಡುರಾತ್ರಿ ಎದ್ದು ಹೂವು ಕಾಯ್ದವರ ಕೆಲಸವನ್ನು ಮರೆಯಬೇಕಾಗಿರಲಿಲ್ಲ.

ಕಬ್ಬಿನ ವಿಷಯ ಇಲ್ಲಿ ಚಿಕ್ಕದು. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಬುನಾದಿ ಹಾಕಿದವರಲ್ಲಿ ಒಬ್ಬರು. ಎಚ್‌ಎಂ ಎಂಬ ಹೆಬ್ಬಾಳದ ಕಬ್ಬಿನ ತಳಿಗಳೂ ಆ ಕಾಲದವು. ಎಕ್ಸ್-ರೇ ಹಾಯಿಸಿ ಕಬ್ಬನ್ನು ಬದಲಿಸುವ ಪ್ರಯತ್ನವನ್ನೂ ಅವರು ಮಾಡಿದ್ದರು. ಕಬ್ಬಿನ ಕ್ರೋಮೋಸೋಮುಗಳ ಸಂಖ್ಯೆ ನೂರು ದಾಟುತ್ತದೆ, ತಳಿಯಿಂದ ತಳಿಗೆ ಬದಲಾಗುತ್ತದೆ. ಹಾಗಾಗಿ ಎಷ್ಟೋ ತಳಿಗಳ ಸೂಲಂಗಿಯಲ್ಲಿ, ಅಂದರೆ ಹೂತೆನೆಯಲ್ಲಿ, ಪರಾಗವೇ ಬಲಿಯುವುದಿಲ್ಲ. ಕಬ್ಬಿನ ತಳಿಗಾರ ಮೊದಲು ನೋಡುವುದೇ ಯಾವುದು ಗಂಡಾಗಬಲ್ಲದು, ಯಾವುದು ಹೆಣ್ಣು ಮಾತ್ರ ಎಂದು. ರೈತನಿಗೆ ಇದು ಬೇಕಾಗಿಲ್ಲ. ಅವನು ನೆಡುವುದು ತುಂಡು. ಸೂಲಂಗಿ ಬಂದರೆ ಕಬ್ಬು ಬೆಂಡಾಯಿತು ಎಂಬುದಷ್ಟೇ ಅವನ ಸಂಕಟ.

ಪ್ರಾಣಿಗಳಿಗೆ ಬರೋಣ. ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ದನದ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಗಳ ಹಲ್ಲು ನೋಡುತ್ತ, ಬಟ್ಟೆಯ ಕೆಳಗೆ ಕೈ ಹಿಡಿದು ವ್ಯಾಪಾರ ಮಾಡುತ್ತ ನಿಲ್ಲುವವರನ್ನು ನೋಡಿದ್ದೇನೆ. ಅಲ್ಲಿ ಮಾರಾಟವಾಗುವ ಎತ್ತುಗಳೆಲ್ಲ ಗಂಡುತನ ಕಳೆದುಕೊಂಡವು. ಬೀಜ ಒಡೆಸುವುದು ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹಿಂದೆ ಕಟ್ಟಿಗೆ, ಕಲ್ಲಿನಲ್ಲಿ ಜಜ್ಜುತ್ತಿದ್ದರು, ಆಮೇಲೆ ದನದ ಆಸ್ಪತ್ರೆಯಲ್ಲಿ ಇಕ್ಕಳ ಬಂತು. ಹೆಗಲು ಬಲಿಯುವ ತನಕ ಹಾಗೇ ಬಿಟ್ಟು ಆಮೇಲೆ ಒಡೆಸುವುದು ವಾಡಿಕೆ. ಊರಿಗೆ ಒಂದು ಬೀಜದ ಹೋರಿ ಉಳಿಸಿಕೊಂಡು ಉಳಿದ ಹೋರಿಗಳ ವಂಶ ನಿಲ್ಲಿಸುವುದೂ ತಳಿ ಆಯ್ಕೆಯೇ. ಒಡೆಯರ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟು ಫಿರಂಗಿ ಎಳೆಯುವ ಎತ್ತುಗಳನ್ನು ಬೆಳೆಸಿದ್ದೂ ಇದೇ ದಾರಿಯಿಂದ.

ಹೋರಿಯ ಮಿಯಾಸಿಸ್ ಭತ್ತದ ಹಾಗೆ ಒಂದು ವಾರದ ಕೆಲಸವಲ್ಲ. ಪ್ರಾಯಕ್ಕೆ ಬಂದ ಮೇಲೆ ಬದುಕಿರುವ ತನಕ ನಿರಂತರ. ಎ ಜೀವಸತ್ವದಿಂದ ಹುಟ್ಟುವ ರೆಟಿನೋಯಿಕ್ ಆಮ್ಲ ಎಸ್‌ಟಿಆರ್‌ಎ8 ಎಂಬ ಜೀನನ್ನು ಎಬ್ಬಿಸಿದಾಗ ಕೋಶಗಳು ಆ ದಾರಿಗೆ ಇಳಿಯುತ್ತವೆ. ಅಲ್ಲಿಂದ ಮುಂದೆ ಎಸ್‌ಪಿಒ11 ಎಂಬ ಪ್ರೋಟೀನು ಕ್ರೋಮೋಸೋಮುಗಳನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಈ ಕತ್ತರಿ ಹಿಟ್ಟು ಹುಳಿ ಬರಿಸುವ ಯೀಸ್ಟಿನಲ್ಲೂ ಭತ್ತದಲ್ಲೂ ಹೋರಿಯಲ್ಲೂ ನಮ್ಮಲ್ಲೂ ಒಂದೇ ವಂಶದ್ದು. ಮೊದಲ ಹೆಜ್ಜೆಯಿಂದ ವೀರ್ಯಾಣು ಆಗುವ ತನಕ ಹೋರಿಯಲ್ಲಿ ಸುಮಾರು ಎರಡು ತಿಂಗಳು. ವೃಷಣ ಮೈಗಿಂತ ಮೂರು ನಾಲ್ಕು ಡಿಗ್ರಿ ತಂಪಾಗಿರಬೇಕು. ಚೈತ್ರದ ಬಿಸಿಲಿನ ಪೆಟ್ಟು ಜ್ಯೇಷ್ಠ ಆಷಾಢದ ವೀರ್ಯದಲ್ಲಿ ಕಾಣುತ್ತದೆ.

ಇನ್ನು ರೇಷ್ಮೆ. ಶ್ರೀರಂಗಪಟ್ಟಣಕ್ಕೆ ರೇಷ್ಮೆ ಹುಳು ಬಂದ ಕಥೆಗೆ ಟಿಪ್ಪುವಿನ ಪತ್ರವೇ ಸಾಕ್ಷಿ. ಹುಳು ತರಲು ಬಂಗಾಳಕ್ಕೆ ಕಳಿಸಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ವಾಪಸು ಬರುತ್ತಿದ್ದಾರೆ, ಹುಳು ಸಾಕಲು ಜಾಗ ಸಿದ್ಧಮಾಡು ಎಂದು 1786ರಲ್ಲಿ ಪಟ್ಟಣದ ಕಿಲ್ಲೇದಾರನಿಗೆ ಬರೆಸಿದ ಪತ್ರ ಅದು. ಬೇರೂರಿದ ಮೈಸೂರು ತಳಿಯ ಹೆಣ್ಣಿಗೆ ಹೊರಗಿನ ದ್ವಿತಳಿಯ ಗಂಡು ಕೂಡಿಸಿ ಮೊಟ್ಟೆ ತೆಗೆಯುವುದು ಇಪ್ಪತ್ತನೇ ಶತಮಾನದಲ್ಲಿ ಶುರುವಾಯಿತು, ಪಾಂಡವಪುರ, ಕೆ.ಆರ್. ಪೇಟೆಯ ಮನೆಗಳ ತಟ್ಟೆಗಳಲ್ಲಿ ಇವತ್ತೂ ಅಂಥ ಮಿಶ್ರತಳಿಯೇ ಬೆಳೆಯುವುದು ಹೆಚ್ಚು. ಮಿಯಾಸಿಸ್ ಓದುವವರಿಗೆ ಈ ಹುಳು ಒಂದು ಒಗಟು. ಅದರ ಗಂಡು ಪತಂಗ ಎರಡು ಬಗೆಯ ವೀರ್ಯಾಣು ಮಾಡುತ್ತದೆ: ಒಂದರಲ್ಲಿ 28 ಕ್ರೋಮೋಸೋಮು ಸರಿಯಾಗಿ ಇರುತ್ತವೆ, ಇನ್ನೊಂದರಲ್ಲಿ ಏನೂ ಇರುವುದಿಲ್ಲ, ಬರೀ ಬಾಲ. ಗೂಡಿನೊಳಗೆ ಕೋಶಾವಸ್ಥೆಯಲ್ಲಿರುವಾಗ ವಿಭಜನೆಯ ದಾರಿಯೇ ಬದಲಾಗಿ ಈ ಖಾಲಿ ವೀರ್ಯಾಣುಗಳು ಹುಟ್ಟುತ್ತವೆ. ವ್ಯರ್ಥ ಎನ್ನಬೇಡಿ. ಅವಿಲ್ಲದೆ ತುಂಬಿದ ವೀರ್ಯಾಣುಗಳೂ ಗುರಿ ಮುಟ್ಟುವುದಿಲ್ಲ. ಈ ಖಾಲಿ ವೀರ್ಯಾಣುಗಳಿಗೆ ಸೆಕ್ಸ್-ಲೀಥಲ್ ಎಂಬ ಜೀನು ಬೇಕು ಎಂದು ಜಪಾನಿನವರು 2019ರಲ್ಲಿ ತೋರಿಸಿದರು. ಇನ್ನೊಂದು ಮಾತು. ರೇಷ್ಮೆ ಹುಳುವಿನಲ್ಲಿ ಕ್ರೋಮೋಸೋಮುಗಳ ಅದಲುಬದಲು ನಡೆಯುವುದು ಗಂಡಿನಲ್ಲಿ ಮಾತ್ರ. ಬಾಳೆಹಣ್ಣಿನ ಮೇಲೆ ಮುತ್ತುವ ಡ್ರೊಸೊಫಿಲ ನೊಣದಲ್ಲಿ ತಿರುಗಾಮುರುಗಾ, ಹೆಣ್ಣಿನಲ್ಲಿ ಮಾತ್ರ. ಆ ನೊಣದ ಮೇಲೆ ದಶಕಗಟ್ಟಲೆ ಕೆಲಸ ನಡೆದದ್ದು ಶ್ರೀರಂಗಪಟ್ಟಣದಿಂದ ಒಂದು ಬಸ್ಸಿನ ದೂರದ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ. 8 ಕ್ರೋಮೋಸೋಮಿನ ನಸುಟ, 6 ಕ್ರೋಮೋಸೋಮಿನ ಅಲ್ಬೊಮಿಕಾನ್ಸ್ ನೊಣಗಳನ್ನು ಕೂಡಿಸಿ ಎಚ್.ಎ. ರಂಗನಾಥ್, ಎನ್.ಬಿ. ರಾಮಚಂದ್ರ ಅವರು ಪ್ರಯೋಗಶಾಲೆಯಲ್ಲೇ ಹೊಸ ಕ್ರೋಮೋಸೋಮು ಜೋಡಣೆಯ ನೊಣವಂಶಗಳನ್ನು ಕಂಡು 1986ರಲ್ಲಿ ಬರೆದರು.

ಈಗ ದೊಡ್ಡ ಕಥೆ: ಕೊಂದ ಗಂಡನ್ನು ಮತ್ತೆ ಬದುಕಿಸುವುದು.

ಮೆಕ್ಕೆಜೋಳದಲ್ಲಿ ಹೈಬ್ರಿಡ್ ಸುಲಭ, ಗಂಡು ಹೂವು ತಲೆಯ ಮೇಲಿರುತ್ತದೆ, ಮುರಿದರಾಯಿತು. ಭತ್ತದ ಗದ್ದೆಯಲ್ಲಿ ಲಕ್ಷಗಟ್ಟಲೆ ಹೂವಿನ ಕೇಸರ ಕೀಳುವವರು ಯಾರು? ಹುಟ್ಟಾ ಪರಾಗವಿಲ್ಲದ ಗಿಡವೇ ಬೇಕು. ಅಂಥದ್ದು ಸಿಕ್ಕಿದ್ದು 1970ರಲ್ಲಿ, ಚೀನಾದ ಹೈನಾನ್ ದ್ವೀಪದ ಕಾಡುಭತ್ತದಲ್ಲಿ. ಹುಡುಕಿದವರು ಯುವಾನ್ ಲಾಂಗ್‌ಪಿಂಗ್ ಅವರ ಸಹಾಯಕರು. ಅದರ ದೋಷ ಕೋಶಕೇಂದ್ರದ ಕ್ರೋಮೋಸೋಮಿನಲ್ಲಿರಲಿಲ್ಲ, ತಾಯಿಯಿಂದ ಮಾತ್ರ ಬರುವ ಮೈಟೋಕಾಂಡ್ರಿಯದಲ್ಲಿತ್ತು. ಡಬ್ಲ್ಯೂಎ352 ಎಂಬ ಅದರ ಜೀನು ಏನು ಮಾಡುತ್ತದೆ ಎಂದು ಚೀನಾದ ವಿಜ್ಞಾನಿಗಳು ಬಿಡಿಸಿ ಹೇಳಿದ್ದು 2013ರಲ್ಲಿ: ಪರಾಗದ ತಾಯಿಕೋಶಗಳು ಮಿಯಾಸಿಸ್‌ಗೆ ಅಣಿಯಾಗುವ ಹೊತ್ತಿಗೆ ಆ ಜೀನಿನ ಪ್ರೋಟೀನು ಟಪೀಟಮ್‌ನಲ್ಲಿ ತುಂಬಿಕೊಂಡು, ಕಾಕ್ಸ್11 ಎಂಬ ಇನ್ನೊಂದು ಪ್ರೋಟೀನನ್ನು ಕಟ್ಟಿಹಾಕಿ, ಆ ದಾದಿ ಪದರವನ್ನು ಅಕಾಲದಲ್ಲಿ ಸಾಯಿಸುತ್ತದೆ. ಊಟವಿಲ್ಲದೆ ಎಳೆಯ ಪರಾಗ ಮುರುಟುತ್ತದೆ. ನಾಲೆ ನಿಂತಾಗ ನಮ್ಮತ್ತೆಯ ಗದ್ದೆಯಲ್ಲಿ ಯಾವ ಜಾಗ ಕೆಡುತ್ತಿತ್ತೋ ಈ ಜೀನು ಕೆಡಿಸುವುದೂ ಹೆಚ್ಚುಕಡಿಮೆ ಅದೇ ಜಾಗ.

ಭಾರತದಲ್ಲಿ 1989ರ ಕೊನೆಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು (ಐಸಿಎಆರ್) ಹೈಬ್ರಿಡ್ ಭತ್ತದ ಯೋಜನೆ ಹಾಕಿತು. ಮಂಡ್ಯದ ಫಾರಂ ಅದರ ಒಂದು ಕೇಂದ್ರ. ರೈಸ್ ಮಹದೇವಪ್ಪ ಎಂದೇ ಹೆಸರಾದ ಎಂ. ಮಹದೇವಪ್ಪ ಈ ವಿದ್ಯೆಯನ್ನು ರಾಜ್ಯಕ್ಕೆ ತಂದವರಲ್ಲಿ ಮುಂದಾಳು. ದೇಶದ ಮೊದಲ ಹೈಬ್ರಿಡ್ ಭತ್ತಗಳು 1994ರಲ್ಲಿ ಬಂದಾಗ ಅವುಗಳಲ್ಲಿ ಮಂಡ್ಯದ ಕೆಆರ್‌ಎಚ್-1 ಇತ್ತು. 1996ರಲ್ಲಿ ಕೆಆರ್‌ಎಚ್-2. ಇದರ ತಾಯಿ ಫಿಲಿಪ್ಪೀನ್ಸಿನ ಭತ್ತ ಸಂಶೋಧನಾ ಸಂಸ್ಥೆಯ ಐಆರ್ 58025ಎ, ಪರಾಗವಿಲ್ಲದ್ದು. ತಂದೆ ಮಂಡ್ಯದ್ದೇ, ಕೆಎಂಆರ್-3. ತಾಯಿಯ ಮೈಟೋಕಾಂಡ್ರಿಯ ಕೆಡಿಸಿದ್ದನ್ನು ಸರಿಪಡಿಸುವ ಜೀನು ತಂದೆಯ ಕ್ರೋಮೋಸೋಮಿನಲ್ಲಿದೆ. ಹಾಗಾಗಿ ಅವರ ಮಗುವಿನಲ್ಲಿ ಪರಾಗ ಮತ್ತೆ ಬಲಿಯುತ್ತದೆ, ಕಾಳು ಕಟ್ಟುತ್ತದೆ.

ಬೀಜ ಮಾಡುವ ಗದ್ದೆ ನೋಡಿದವರಿಗೆ ಅದು ಮರೆಯುವುದಿಲ್ಲ. ಎರಡು ಸಾಲು ಗಂಡು, ಎಂಟು ಸಾಲು ಹೆಣ್ಣು. ಎರಡೂ ಒಟ್ಟಿಗೆ ಹೂಬಿಡಲಿ ಎಂದು ಗಂಡಿನ ಒಟ್ಲನ್ನು ಬೇರೆ ಬೇರೆ ದಿನ ಬಿಡುತ್ತಾರೆ. ಹೆಣ್ಣು ತೆನೆಗೆ ಇನ್ನೊಂದು ಶಾಪ: ಪೂರ್ತಿ ಹೊರಗೆ ಬಾರದೆ ಹೊಡೆಯೊಳಗೇ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಜಿಬ್ಬರೆಲಿಕ್ ಆಮ್ಲ ಸಿಂಪಡಿಸುತ್ತಾರೆ. ಆಮೇಲೆ ಬೆಳಗಿನ ಒಂಬತ್ತೂವರೆ ಹತ್ತಕ್ಕೆ ಬಿಸಿಲೇರಿ ಹೂವು ಬಾಯಿ ಬಿಟ್ಟಾಗ ಇಬ್ಬರು ಎರಡು ಬದುವಿನಲ್ಲಿ ನಿಂತು ಹಗ್ಗ ಹಿಡಿದು ಗಂಡು ಸಾಲಿನ ಮೇಲೆ ಸರ್ರನೆ ಎಳೆಯುತ್ತಾರೆ. ಹಳದಿ ಧೂಳು ಏಳುತ್ತದೆ. ಅರ್ಧ ಗಂಟೆಗೊಮ್ಮೆ, ದಿನಕ್ಕೆ ಮೂರು ನಾಲ್ಕು ಸಲ, ಹೂವು ಮುಗಿಯುವ ತನಕ. ಹೆಣ್ಣು ಸಾಲಿನಲ್ಲಿ ದಪ್ಪ ಹಳದಿ ಪರಾಗಕೋಶದ ಗಿಡ ಕಂಡರೆ ಅದು ಕಲಬೆರಕೆ, ಕಿತ್ತೆಸೆಯಬೇಕು. ಬಂಜೆ ಗಿಡದ್ದು ಬಿಳಿಚಿ ಸೊರಗಿರುತ್ತದೆ. ಕೀಳುವವರು ಕೂಲಿಯ ಹೆಂಗಸರು. ನಮ್ಮ ಭಾವನ ಗದ್ದೆಯಲ್ಲಿ ಒಂದು ಬೆಳೆ ಇಂಥ ಬೀಜ ಮಾಡಿದ್ದರು. ಮೂರನೆಯ ದಿನಕ್ಕೆ ಆ ಹೆಂಗಸರು ಹತ್ತು ಮಾರು ದೂರದಿಂದ ಕಲಬೆರಕೆ ಗುರುತಿಸುವುದನ್ನು ನೋಡಿ ನಾನು ಎರಡು ಗಿಡದ ತೆನೆ ಕಾಲೇಜಿಗೆ ಒಯ್ದೆ. ಅಯೋಡಿನ್ ಹನಿ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳ್ಳೆಯ ಪರಾಗ ಕಪ್ಪು ನೀಲಿ ದುಂಡಗೆ, ಬಂಜೆಯದು ಬಣ್ಣವಿಲ್ಲದ ಮುದುಡು. ಮಕ್ಕಳು ಅವತ್ತು ನಗಲಿಲ್ಲ.

ಇಷ್ಟಾಗಿಯೂ ಕೆಆರ್‌ಎಚ್-2 ನಮ್ಮ ಬಯಲನ್ನು ಗೆಲ್ಲಲಿಲ್ಲ. ಇಳುವರಿ ಕೊಟ್ಟಿತು, ಬೇರೆ ರಾಜ್ಯಗಳಿಗೂ ಹೋಯಿತು. ಆದರೆ ಅನ್ನ ಅಂಟುತ್ತದೆ ಎಂದು ಮಂಡ್ಯದ ಹೆಂಗಸರು ಮೂಗು ಮುರಿದರು. ಆ ತಾಯಿತಳಿಯ ಹೈಬ್ರಿಡ್‌ಗಳ ಬಗ್ಗೆ ದಕ್ಷಿಣದಲ್ಲೆಲ್ಲ ಇದೇ ದೂರು. ಅದಕ್ಕಿಂತ ದೊಡ್ಡ ಅಡ್ಡಿ ಬೀಜ. ಹೈಬ್ರಿಡ್ ಭತ್ತದ ಕಾಳನ್ನು ಎತ್ತಿಟ್ಟು ಮತ್ತೆ ಬಿತ್ತಿದರೆ ಮಿಯಾಸಿಸ್ ಎಲ್ಲವನ್ನೂ ಕಲಸಿ ಹಾಕಿರುತ್ತದೆ. ಒಂದು ಎತ್ತರ, ಒಂದು ಗಿಡ್ಡ, ಒಂದು ಜೊಳ್ಳು. ಪ್ರತಿ ವರ್ಷ ದುಡ್ಡು ಕೊಟ್ಟು ತರಬೇಕು. ಜಯ, ಐಆರ್ 64, ಜ್ಯೋತಿಯಂಥವುಗಳ ಬೀಜವನ್ನು ಕಣದಲ್ಲೇ ಎತ್ತಿಟ್ಟುಕೊಳ್ಳುವ ಮನೆಗೆ ಇದು ಒಗ್ಗಲಿಲ್ಲ. ಅವರನ್ನು ಹಿಂದುಳಿದವರು ಎಂದ ಅಧಿಕಾರಿಗಳ ಭಾಷಣ ಕೇಳಿದ್ದೇನೆ. ಲೆಕ್ಕ ಗೊತ್ತಿದ್ದವರು ರೈತರೇ.

ಈ ಗಂಟನ್ನು ಬಿಚ್ಚುವ ದಾರಿಯೂ ಮಿಯಾಸಿಸ್‌ನಲ್ಲೇ ಇದೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ಇಮ್ರಾನ್ ಸಿದ್ದಿಕಿ ಅವರ ತಂಡ ಅರಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಗಿಡದಲ್ಲಿ ಡ್ಯೂಯೆಟ್ ಎಂಬ ಜೀನನ್ನು 2003ರಲ್ಲಿ ವಿವರಿಸಿತು. ಅದು ಕೆಟ್ಟರೆ ಗಂಡಿನ ಮಿಯಾಸಿಸ್ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ, ಹೆಣ್ಣಿನದು ಸುಗಮ. ಅದೇ ತಂಡ 2008ರಲ್ಲಿ ಡಯಾಡ್ ಎಂಬ ಇನ್ನೊಂದು ಜೀನು ಕೆಟ್ಟಾಗ ಹೆಣ್ಣು ಕೋಶ ಅರ್ಧವಾಗದೆ, ಕಲಸಿಕೊಳ್ಳದೆ, ತಾಯಿಯ ಪೂರ್ತಿ ಕಂತೆಯನ್ನೇ ಹೊತ್ತು ಬರಬಲ್ಲದು ಎಂದು ತೋರಿಸಿತು. ಮರುವರ್ಷ ಫ್ರಾನ್ಸಿನವರು ಮೂರು ಜೀನು ಕೆಡಿಸಿ ಮಿಯಾಸಿಸ್ಸನ್ನು ಮಾಮೂಲಿ ವಿಭಜನೆಯಾಗಿಸಿದರು. ಭತ್ತದಲ್ಲಿ ಅದು 2016ರಲ್ಲಿ ಆಯಿತು. 2019ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಮ್ತಿಯಾಜ್ ಖಾಂಡೆ, ವೆಂಕಟೇಶನ್ ಸುಂದರೇಶನ್ ಮತ್ತಿತರರು ಅದಕ್ಕೆ ಇನ್ನೊಂದು ಜೀನು ಸೇರಿಸಿ, ತಾಯಿಯ ತದ್ರೂಪವಾದ ಭತ್ತದ ಬೀಜ ಪಡೆದರು. 2022ರ ಹೊತ್ತಿಗೆ ಹೈಬ್ರಿಡ್ ಭತ್ತದಲ್ಲೇ ಶೇ. 95ಕ್ಕಿಂತ ಹೆಚ್ಚು ಬೀಜ ತದ್ರೂಪವಾಗಿ ಬಂದ ವರದಿ ಪ್ರಕಟವಾಯಿತು. ಅಂದರೆ ಹೈಬ್ರಿಡ್ಡನ್ನೂ ಕಣದಲ್ಲಿ ಎತ್ತಿಟ್ಟು ಮರುವರ್ಷ ಒಟ್ಲು ಬಿಡುವ ದಿನ ದೂರವಿಲ್ಲ. ಹಗ್ಗ ಎಳೆಯುವುದು ಬೇಡ, ಕಲಬೆರಕೆ ಕೀಳುವುದು ಬೇಡ. ಆ ಕೂಲಿಯೂ ಹೋಗುತ್ತದೆ, ಅದನ್ನೂ ಮುಚ್ಚಿಡಬಾರದು.

ಅಂಥ ಬೀಜ ಯಾರದಾಗಿರಬೇಕು ಎಂಬುದು ಈಗಿನ ಪ್ರಶ್ನೆ. ಕಂಪನಿಯೊಂದು ಅದಕ್ಕೆ ಹಕ್ಕು ಬರೆಸಿಕೊಂಡರೆ ಎತ್ತಿಟ್ಟ ಬೀಜಕ್ಕೂ ತಕರಾರು ಬರಬಹುದು. ಕೆಆರ್‌ಎಚ್-2 ಸರ್ಕಾರದ ದುಡ್ಡಿನಲ್ಲಿ, ಸರ್ಕಾರದ ಫಾರಂನಲ್ಲಿ ಆದದ್ದು. ಅದರ ತಂದೆ ಕೆಎಂಆರ್-3 ಇನ್ನೂ ಅಲ್ಲೇ ಇದೆ. ಅದನ್ನೇ ಹಿಡಿದು, ಅಂಟದ ಅನ್ನದ ತಾಯಿಯೊಂದನ್ನು ಹುಡುಕಿ, ಎತ್ತಿಡಬಹುದಾದ ಹೈಬ್ರಿಡ್ ಬೀಜವನ್ನು ಮಂಡ್ಯದವರೇ ಮಾಡಬೇಕು. ವಿ.ಸಿ. ಫಾರಂನ ಇಂದಿನ ತಳಿಗಾರರಲ್ಲಿ, ಅವರಿಗೆ ಹಣ ಮಂಜೂರು ಮಾಡುವವರಲ್ಲಿ ನನ್ನ ಕೇಳಿಕೆ ಇದೊಂದೇ.